ಪುಸ್ತಕ ಹಾಸ್ಟೆಲ್‌ನಲ್ಲಿ, ನಾನು ಊರಲ್ಲಿ. ಪರೀಕ್ಷೆ ಇದೆಯಾ?

ಪ್ರಶ್ನೆ (ಜುಲೈ 2020):
ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆ ವರ್ಷ. ಮಾರ್ಚ್‌ನಲ್ಲಿ ಒಂದು ವಾರ ರಜೆ ಅಂದುಕೊಂಡು ಒಂದೇ ಬ್ಯಾಗ್ ಹಿಡಿದು ಮಳವಳ್ಳಿ ಕಡೆಯ ನಮ್ಮ ಹಳ್ಳಿಗೆ ಬಂದೆ. ನೋಟ್ಸ್, ರೆಕಾರ್ಡ್ ಎಲ್ಲಾ ಟ್ರಂಕಿನಲ್ಲೇ ಉಳಿದವು. ಈಗ ಆ ಹಾಸ್ಟೆಲ್ಲೇ ಕೊರೊನಾ ಕ್ವಾರಂಟೈನ್ ಕೇಂದ್ರ! ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ನಾಲೆ ಏರಿ ಮೇಲೆ ಹುಣಸೆ ಮರದ ಕೆಳಗೆ ಕೂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಮೊನ್ನೆ ಕ್ಲಾಸಿನ ಮಧ್ಯೆ ಎಮ್ಮೆ ಕೂಗಿತು. ಮೇಷ್ಟ್ರು ‘ಮ್ಯೂಟ್ ಮಾಡಪ್ಪಾ’ ಅಂದರು. ಜೂನಿಯರ್‌ಗಳಿಗೆ ಪರೀಕ್ಷೆ ಇಲ್ಲವಂತೆ. ನಮಗೂ ಹಾಗೇನಾ?

ಉತ್ತರ 1:
ಇಲ್ಲ ಗುರೂ. ಜುಲೈ 10ರಂದು ಸರ್ಕಾರ ಪರೀಕ್ಷೆ ಇಲ್ಲ ಅಂತ ಹೇಳಿದ್ದು ಕೊನೆ ವರ್ಷದವರನ್ನು ಬಿಟ್ಟು. ಜೂನಿಯರ್‌ಗಳಿಗೆ ಇಂಟರ್ನಲ್ಸ್, ಹಿಂದಿನ ಸೆಮಿಸ್ಟರ್ ಅಂಕ ನೋಡಿ ಪಾಸು. ನಮ್ಮದು ಸೆಪ್ಟೆಂಬರ್ ಕೊನೆಯೊಳಗೆ ಆಗಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹೇಳಿದೆ. ಬರೆಯಲು ಆಗದವರಿಗೆ ಆಮೇಲೆ ವಿಶೇಷ ಪರೀಕ್ಷೆಗೆ ಅವಕಾಶ ಇದೆ. ಸುಮ್ನೆ ಓದೋಕೆ ಶುರು ಮಾಡಿ.

ಉತ್ತರ 2:
ವಾರ್ಡನ್‌ಗೆ ಫೋನ್ ಮಾಡಿ ಅಣ್ಣ. ನಮ್ಮ ಹಾಸ್ಟೆಲ್‌ನಲ್ಲಿ ಟ್ರಂಕ್‌ಗಳಿಗೆ ಹೆಸರು ಅಂಟಿಸಿ ಮೆಸ್ಸಿನ ಪಕ್ಕದ ಕೋಣೆಗೆ ಹಾಕಿದ್ದಾರೆ. ನಿಮ್ಮದೂ ಹಾಗೇ ಎಲ್ಲೋ ಇರಬೇಕು.

ಪ್ರಶ್ನೆ ಕೇಳಿದವರು:
ಟ್ರಂಕ್ ಸಿಕ್ಕಿತು! ಬಾಟನಿ ರೆಕಾರ್ಡಿನ ಅಂಚನ್ನು ಇಲಿ ತಿಂದಿದೆ. ಚಿತ್ರಗಳು ಹೇಗೋ ಉಳಿದಿವೆ.