ಅನ್ನ ಪೂರ್ತಿ ಬಿಡುವುದೋ, ಅಳೆದು ಉಣ್ಣುವುದೋ? ತಿಳಿದವರು ಹೇಳಿ

ಪ್ರಶ್ನೆ, ಬದಿಯಡ್ಕ ಕಡೆಯ ಶಾಲಾ ಟೀಚರ್ ಒಬ್ಬರಿಂದ:

ವಯಸ್ಸು 43, ಎತ್ತರ 156 ಸೆಂ.ಮೀ., ತೂಕ 74 ಕೆ.ಜಿ. ಬರಿಹೊಟ್ಟೆಯ ಶುಗರ್ 112. ಮಾತ್ರೆ ಇನ್ನೂ ಬೇಡ, ಮೊದಲು 4-5 ಕೆ.ಜಿ. ಇಳಿಸಿ ಅಂತ ಡಾಕ್ಟ್ರು ಹೇಳಿದ್ದಾರೆ. ಯಜಮಾನರಿಗೆ ಶುಗರ್ ಉಂಟು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಅಡಿಗೆ. ಅನ್ನ, ಸಕ್ಕರೆ, ತೆಂಗಿನಕಾಯಿ ಮೂರನ್ನೂ ಪೂರ್ತಿ ಬಿಡಿ ಅಂತ ಕೆಲವರು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿನ್ನಿ ಅಂತ ಕೆಲವರು. ಯಾವುದು ನಿಲ್ಲುತ್ತದೆ? ಲೆಕ್ಕ ಸಮೇತ ಹೇಳಿದರೆ ಉಪಕಾರ.

ಕುಂಬಳೆಯಿಂದ, ಡಯಟೀಷಿಯನ್:

ಟೀಚರೇ, ಎರಡರಲ್ಲಿ ಒಂದನ್ನು ಇಡೀ ಊಟಕ್ಕೆ ಅನ್ವಯಿಸಲು ಹೋದರೆ ಎರಡೂ ಸೋಲುತ್ತವೆ. ಪದಾರ್ಥ ಪದಾರ್ಥಕ್ಕೆ ಬೇರೆ ಬೇರೆ ತೀರ್ಮಾನ ಬೇಕು. ಬಡಿಸಿದ್ದು ಮುಗಿದ ಮೇಲೆ ಕೈ ತಾನಾಗಿ ನಿಲ್ಲುವ ಪದಾರ್ಥಕ್ಕೆ ಅಳತೆ ಸಾಕು. ಒಂದು ತುಂಡು ಬಾಯಿಗೆ ಬಿದ್ದರೆ ಪೊಟ್ಟಣ ಖಾಲಿಯಾಗುವವರೆಗೆ ನಿಲ್ಲದ ಪದಾರ್ಥವನ್ನು ಮನೆಯೊಳಗೆ ತರದೆ ಇರುವುದೇ ಸುಲಭ. ನಮ್ಮ ಕಡೆ ಮೊದಲ ಗುಂಪಿಗೆ ಸಾಮಾನ್ಯವಾಗಿ ಅನ್ನ, ಗಂಜಿ, ನೀರುದೋಸೆ, ಮೀನು, ಹಣ್ಣು ಸೇರುತ್ತವೆ. ಎರಡನೆಯದಕ್ಕೆ ನೇಂದ್ರ ಚಿಪ್ಸ್, ಹಲಸಿನ ಚಿಪ್ಸ್, ಮಿಕ್ಸ್ಚರ್, ಬೇಕರಿಯ ಕೇಕು, ಬಿಸ್ಕತ್ತು. ಆದರೆ ಇದು ಎಲ್ಲರಿಗೂ ಒಂದೇ ಪಟ್ಟಿ ಅಲ್ಲ. ಎರಡು ವಾರ ಏನನ್ನೂ ಬದಲಿಸದೆ, ತಿಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಗಂಟೆ, ಪದಾರ್ಥ, ಎಷ್ಟು, ತಿನ್ನುವಾಗ ಹಸಿವು ಇತ್ತೋ ಇಲ್ಲವೋ. ಹಸಿವಿಲ್ಲದೆ ತಿಂದದ್ದು, ಅಂದುಕೊಂಡದ್ದಕ್ಕಿಂತ ಹೆಚ್ಚು ತಿಂದದ್ದು, ಈ ಎರಡಕ್ಕೂ ಅಡಿಗೆರೆ ಹಾಕಿ. ಮೂರು ಸಲಕ್ಕಿಂತ ಹೆಚ್ಚು ಅಡಿಗೆರೆ ಬಿದ್ದದ್ದು ನಿಮ್ಮ ಬಿಡುವ ಪಟ್ಟಿ. ಅದು ಮೂರು ನಾಲ್ಕು ಹೆಸರಿಗಿಂತ ಉದ್ದ ಆಗಬಾರದು.

ನಿಮ್ಮ ಎತ್ತರ, ತೂಕ, ವಯಸ್ಸಿಗೆ ಮಿಫ್ಲಿನ್ ಸೂತ್ರದ ಪ್ರಕಾರ ದೇಹ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1340 ಕ್ಯಾಲರಿ ಕೇಳುತ್ತದೆ. ಶಾಲೆ, ಮನೆಕೆಲಸ ಸೇರಿ 1750ರಿಂದ 1850. ಆದ್ದರಿಂದ 1350-1400ಕ್ಕೆ ಇಳಿಸಿದರೆ ಸಾಕು. ಒಂದು ಕೆ.ಜಿ. ಕೊಬ್ಬಿನಲ್ಲಿ ಅಂದಾಜು 7700 ಕ್ಯಾಲರಿ ಇರುವುದರಿಂದ, ವಾರಕ್ಕೆ ಅರ್ಧ ಕೆ.ಜಿ.ಯ ಒಳಗೆ ಇಳಿಯುತ್ತದೆ; ತೂಕ ಇಳಿದ ಹಾಗೆ ವೇಗವೂ ತಗ್ಗುತ್ತದೆ. 800-900ಕ್ಕೆ ಇಳಿಸಿ ಬೇಗ ಮುಗಿಸುತ್ತೇನೆ ಅಂತ ಸ್ವಂತವಾಗಿ ಹೊರಡಬೇಡಿ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಏರುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರ ಎರಡು ಕೆ.ಜಿ. ಇಳಿದದ್ದು ಕಾಣುತ್ತದಲ್ಲ, ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ 400-500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಪಿಷ್ಟ, ಇರುತ್ತದೆ, ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ನಿಂತಾಗ ಅದು ಖಾಲಿ. ಮತ್ತೆ ಎರಡು ದಿನ ಅನ್ನ ಉಂಡರೆ ನೀರು ತಿರುಗಿ ಬರುತ್ತದೆ, ತೂಕದ ಮುಳ್ಳು ಮೇಲೇರುತ್ತದೆ. ಆಗ ಜನ “ಅನ್ನ ತಿಂದದ್ದಕ್ಕೇ ದಪ್ಪ ಆದೆ” ಅಂತ ಹೆದರಿ ಇನ್ನಷ್ಟು ಬಿಗಿ ಮಾಡುತ್ತಾರೆ, ಇಲ್ಲವೇ ಕೈಚೆಲ್ಲುತ್ತಾರೆ. ಎರಡೂ ತಪ್ಪು ಲೆಕ್ಕದಿಂದ ಬಂದದ್ದು.

ನೀರ್ಚಾಲಿನಿಂದ, ಸಮಾರಂಭಗಳಿಗೆ ಅಡಿಗೆ ಮಾಡುವವರು:

ಅಳೆದು ಉಣ್ಣಿ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲಿ ಅಳೆಯಬೇಕು ಅಂತ ಹೇಳುವುದಿಲ್ಲ. ಅಕ್ಕಿಯನ್ನು ಅಕ್ಕಿಯಾಗಿರುವಾಗಲೇ ಅಳೆಯಬೇಕು ಅಕ್ಕಾ. ಕುಚ್ಚಲಕ್ಕಿ ಎಷ್ಟು ಬೆಂದಿದೆ, ತಿಳಿ ಎಷ್ಟು ಬಸಿದಿದೆ ಅನ್ನುವುದರ ಮೇಲೆ ಅನ್ನದ ತೂಕ ದಿನಾ ಬದಲಾಗುತ್ತದೆ. ಗಂಜಿಯಲ್ಲಂತೂ ಬಟ್ಟಲು ನೋಡಿ ಏನೂ ಗೊತ್ತಾಗುವುದಿಲ್ಲ. ಅಕ್ಕಿ ಯಾವುದೇ ಇರಲಿ, ಬೆಳ್ತಿಗೆ (ಬಿಳಿ ಅಕ್ಕಿ) ಆಗಲಿ ಕುಚ್ಚಿಲು ಆಗಲಿ, 100 ಗ್ರಾಂ ಅಂದರೆ ಸುಮಾರು 350 ಕ್ಯಾಲರಿ. ಅಂಚಿಗೆ ಮಟ್ಟಸವಾಗಿ ತುಂಬುವ ಒಂದು ಲೋಟವನ್ನು ಅಕ್ಕಿಗೇ ಅಂತ ಮೀಸಲಿಡಿ. ಅಡಿಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಮ್ಮೆ ತೂಗಿ ಅದರ ಗ್ರಾಂ ಗೊತ್ತು ಮಾಡಿಕೊಂಡರೆ ಮತ್ತೆ ತಕ್ಕಡಿ ಬೇಡ. ನಿಮಗೆ ಹೊತ್ತಿಗೆ 60 ಗ್ರಾಂ, ದಿನಕ್ಕೆ ಎರಡು ಹೊತ್ತು ಅಂತ ಇಟ್ಟರೆ 420 ಕ್ಯಾಲರಿ ಆಯಿತು. ನಾಲ್ಕು ಜನರ ಅನ್ನ ಒಟ್ಟಿಗೆ ಬೇಯುವಾಗ ನಿಮ್ಮ ಪಾಲು ತೆಗೆಯುವುದು ಹೇಗೆ ಅಂತ ಕೇಳಬಹುದು. ಬೆಂದ ಅನ್ನವನ್ನು ಒಂದೇ ಸೌಟಿನಲ್ಲಿ ಎಣಿಸಿ ಇನ್ನೊಂದು ಪಾತ್ರೆಗೆ ಹಾಕಿ. 300 ಗ್ರಾಂ ಅಕ್ಕಿ 10 ಸೌಟು ಆದರೆ ನಿಮ್ಮದು 2 ಸೌಟು. ಅಷ್ಟೇ.

ನೀರುದೋಸೆಗೂ ಇದೇ ಕ್ರಮ. 100 ಗ್ರಾಂ ಅಕ್ಕಿಯಲ್ಲಿ 6 ದೋಸೆ ಎದ್ದರೆ ಒಂದಕ್ಕೆ 60ರ ಹತ್ತಿರ, ಎಣ್ಣೆ ಬೇರೆ.

ಲೆಕ್ಕ ತಪ್ಪುವುದು ಅನ್ನದಲ್ಲಿ ಕಡಿಮೆ, ಅರೆಪ್ಪಿನಲ್ಲಿ, ಅಂದರೆ ಕಾಯಿ ಅರೆದ ಮಸಾಲೆಯಲ್ಲಿ, ಹೆಚ್ಚು. ಹಸಿ ತೆಂಗಿನ ತುರಿಯೂ 100 ಗ್ರಾಂಗೆ ಸುಮಾರು 350 ಕ್ಯಾಲರಿಯೇ. ನಾಲ್ಕು ಜನರ ಕೊದ್ದೆಲಿಗೆ (ಕಾಯಿ ಅರೆದು ಮಾಡುವ ಸಾಂಬಾರು) ಅರ್ಧ ಕಾಯಿ ಅಂದರೆ 150 ಗ್ರಾಂ ತುರಿ ಹಿಡಿಯಿರಿ, 525 ಕ್ಯಾಲರಿ, ತಲೆಗೆ 130. ಮಧ್ಯಾಹ್ನ ಕೊದ್ದೆಲು, ಪಲ್ಯಕ್ಕೆ ಉದುರಿಸಿದ ಕಾಯಿ, ರಾತ್ರಿ ಮೇಲಾರ (ಕಾಯಿ, ಮಜ್ಜಿಗೆಯ ಪದಾರ್ಥ), ಬೆಳಿಗ್ಗೆ ದೋಸೆಗೆ ಚಟ್ನಿ ಸೇರಿದರೆ ಬರೀ ತೆಂಗಿನಕಾಯಿಯ ಕ್ಯಾಲರಿಯೇ ಅನ್ನದಷ್ಟು ಆಗುತ್ತದೆ. ಹಾಗಂತ ಕಾಯಿ ಬಿಟ್ಟರೆ ನಮ್ಮ ಅಡಿಗೆಯೇ ಉಳಿಯುವುದಿಲ್ಲ, ಎರಡನೇ ವಾರಕ್ಕೆ ಮನೆಯವರೇ ಜಗಳಕ್ಕೆ ಬರುತ್ತಾರೆ. ಕಾಯಿ ಅರೆದ ಪದಾರ್ಥ ದಿನಕ್ಕೆ ಒಂದೇ ಅಂತ ನಿಯಮ ಮಾಡಿ. ಉಳಿದ ಹೊತ್ತಿಗೆ ಕಾಯಿ ಹಾಕದ ಬೋಳು ಹುಳಿ, ಸಾರು, ಒಂದೆರಡು ಚಮಚ ಕಾಯಿಯಲ್ಲೇ ಆಗುವ ತಂಬುಳಿ. ಕೊದ್ದೆಲಿಗೆ ಕಾಯಿ ಕಡಿಮೆ ಮಾಡಿದರೆ ನೀರಾಗುತ್ತದೆ ಅನ್ನುವವರು ಬೆಂದ ತೊಗರಿಬೇಳೆ ಒಂದು ಮುಷ್ಟಿಯನ್ನು ಅದರೊಂದಿಗೇ ಅರೆಯಿರಿ. 150 ಗ್ರಾಂ ತುರಿಯ ಜಾಗದಲ್ಲಿ 60 ಸಾಕು, ದಪ್ಪ ಉಳಿಯುತ್ತದೆ.

ಎಣ್ಣೆಗೆ ಚಮಚ ಹಿಡಿದು ಕೂರುವುದು ಕಷ್ಟ. ತಿಂಗಳಿಗೆ ಎಷ್ಟು ತಂದಿರಿ ಅಂತ ನೋಡಿ ಭಾಗಿಸಿ. ನಾಲ್ಕು ಜನಕ್ಕೆ 4 ಲೀಟರ್ ಖರ್ಚಾದರೆ ದಿನಕ್ಕೆ ತಲೆಗೆ 33 ಮಿ.ಲೀ., ಅಂದರೆ 270 ಕ್ಯಾಲರಿ. 2 ಲೀಟರಿಗೆ ತಂದರೆ ಅದರ ಅರ್ಧ. ತೆಂಗಿನೆಣ್ಣೆಗೂ ಸೂರ್ಯಕಾಂತಿಗೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಎಲ್ಲ ಎಣ್ಣೆಗೂ ಗ್ರಾಂಗೆ 9 ಕ್ಯಾಲರಿ.

ಇನ್ನೊಂದು ಮಾತು. ಹುರುಳಿ ಸಾರು ಕುಡಿದು ಪ್ರೋಟೀನ್ ಸಿಕ್ಕಿತು ಅಂದುಕೊಳ್ಳಬೇಡಿ. ಬೇಯಿಸಿದ ನೀರು ಸಾರಿಗೆ, ಕಾಳು ದನಕ್ಕೆ ಅಂತ ಮಾಡುವ ಮನೆಗಳಲ್ಲಿ ಪ್ರೋಟೀನಿನ ಹೆಚ್ಚು ಪಾಲು ದನಕ್ಕೇ ಹೋಗುತ್ತದೆ. ಕಾಳನ್ನು ಉಪ್ಪು, ಮೆಣಸು, ಒಗ್ಗರಣೆ ಹಾಕಿ ಪಲ್ಯ ಮಾಡಿ.

ಉಪ್ಪಳದಿಂದ, ಹೈಸ್ಕೂಲಿನ ದೈಹಿಕ ಶಿಕ್ಷಕರು:

ಮೇಲಿನವರು ಹೇಳಿದ್ದು ಸರಿ, ಆದರೆ ಅಳತೆಯ ಪಕ್ಷವೇ ಜಾಸ್ತಿ ಆಯಿತು. ಪೂರ್ತಿ ಬಿಡುವುದಕ್ಕೂ ಅದರದ್ದೇ ಬಲ ಉಂಟು: ದಿನಕ್ಕೆ ಹತ್ತು ಸಲ “ತಿನ್ನಲೋ ಬೇಡವೋ, ಎಷ್ಟು ತಿನ್ನಲಿ” ಅಂತ ತೀರ್ಮಾನ ಮಾಡುವ ಕೆಲಸ ತಪ್ಪುತ್ತದೆ. ಚಹಾದ ಸಕ್ಕರೆ ಇದಕ್ಕೆ ಸರಿಯಾದ ಜಾಗ. ದಿನಕ್ಕೆ 5 ಚಹಾ, ಒಂದಕ್ಕೆ 2 ಚಮಚ ಅಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ. ಇಡೀ ದಿನದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡರಿಂದ ಒಂದಕ್ಕೆ ಇಳಿಸಿದವರು ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಯಲ್ಲಿ ಮತ್ತೆ ಎರಡಕ್ಕೇ ಬರುತ್ತಾರೆ, ಯಾಕೆಂದರೆ ಅಲ್ಲಿ ಚಹಾ ಸಕ್ಕರೆ ಬೆರೆಸಿಯೇ ಬರುತ್ತದೆ. “ನನಗೆ ಸಕ್ಕರೆ ಹಾಕಬೇಡಿ” ಅಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಾಲಿಗೆ ಕೆಲವು ವಾರದಲ್ಲಿ ಒಗ್ಗುತ್ತದೆ.

ನಿಷೇಧದ ಅಪಾಯ ಬೇರೆ ಕಡೆ ಇದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನುವ ಸಂಶೋಧಕರು ಮಾಡಿದ ಪ್ರಯೋಗದಲ್ಲಿ, ತಿನ್ನುವುದನ್ನು ಸದಾ ಬಿಗಿಹಿಡಿಯುವವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಕೊಟ್ಟರು. ಅವರು ಕಡಿಮೆ ತಿನ್ನುವ ಬದಲು ಹೆಚ್ಚೇ ತಿಂದರು. ಹೇಗೂ ಪಥ್ಯ ಮುರಿಯಿತು, ಇನ್ನು ತಿಂದರೇನು ಅನ್ನುವ ಮನಸ್ಸು ಅದು. ಆದ್ದರಿಂದ ನಿಷೇಧದ ಪಟ್ಟಿಯ ಜೊತೆಗೆ ಮುರಿದ ದಿನಕ್ಕೆ ಏನು ಅನ್ನುವುದನ್ನೂ ಮೊದಲೇ ಬರೆದಿಡಿ: ಮುಂದಿನ ಹೊತ್ತು ಮಾಮೂಲಿ ಊಟ, ಉಪವಾಸ ಇಲ್ಲ, ಎರಡು ಪಾಲು ನಡಿಗೆಯೂ ಇಲ್ಲ. ರಾತ್ರಿ 40 ಗ್ರಾಂ ಚಿಪ್ಸ್ ತಿಂದದ್ದು 200 ಕ್ಯಾಲರಿ ಮಾತ್ರ. ಅದರ ಪ್ರಾಯಶ್ಚಿತ್ತಕ್ಕೆ ಬೆಳಿಗ್ಗೆ ತಿಂಡಿ ಬಿಟ್ಟು ಹನ್ನೊಂದು ಗಂಟೆಗೆ ಎರಡು ಪರೋಟ ತಿಂದರೆ ಅದು 500 ದಾಟುತ್ತದೆ.

ಅನ್ನ ಬಿಟ್ಟರೆ ಹೆಚ್ಚೋ, ಎಣ್ಣೆ ಬಿಟ್ಟರೆ ಹೆಚ್ಚೋ ಅನ್ನುವ ವಾದಕ್ಕೂ ಉತ್ತರ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ 12 ತಿಂಗಳು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿದರು. ಗಣನೀಯ ಅಂತ ಹೇಳುವ ವ್ಯತ್ಯಾಸ ಅಲ್ಲ. ಒಂದೇ ಗುಂಪಿನೊಳಗೆ ಜನರಿಂದ ಜನರಿಗೆ ಇದ್ದ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ಎರಡೂ ಗುಂಪಿಗೆ ಹೇಳಿದ್ದು ಒಂದೇ: ಸಕ್ಕರೆ, ಮೈದಾ ಕಡಿಮೆ, ತರಕಾರಿ ಹೆಚ್ಚು.

ನಡಿಗೆ ಬಿಡಬೇಡಿ, ಆದರೆ ಅದರಿಂದಲೇ ಇಳಿಯುತ್ತೇನೆ ಅಂತಲೂ ನಂಬಬೇಡಿ. ನಿಮ್ಮ ತೂಕಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ 120-150 ಕ್ಯಾಲರಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೂತು ಏಳುವುದು 10ರಂತೆ ಮೂರು ಸಲ, ಗೋಡೆಗೆ ಕೈಯಿಟ್ಟು ದಂಡ ಅಷ್ಟೇ. ಸ್ನಾಯು ಉಳಿಸುವುದು ಇದು.

ಮಂಜೇಶ್ವರ ಕಡೆಯಿಂದ, ಜೀವನಶೈಲಿ ರೋಗಗಳ ಕ್ಲಿನಿಕ್ಕಿನ ನರ್ಸ್:

ಟೀಚರೇ, ನಿಮ್ಮ ವಿಷಯ ಒಂದು, ನಿಮ್ಮ ಯಜಮಾನರ ವಿಷಯ ಬೇರೆಯೇ. ಅಡಿಗೆ ಒಂದೇ ಇರಬಹುದು, ಬಡಿಸುವುದು ಒಂದೇ ಆಗಬಾರದು. ಗ್ಲಿಮೆಪಿರೈಡ್ ದೇಹದಲ್ಲಿ ಇನ್ಸುಲಿನ್ ಬಿಡುಗಡೆ ಮಾಡಿಸುವ ಮಾತ್ರೆ. ಮಾತ್ರೆ ಅಷ್ಟೇ ಇದ್ದು ಅನ್ನ ಒಮ್ಮೆಗೇ ಅರ್ಧ ಆದರೆ ಶುಗರ್ ಕೆಳಗೆ ಬೀಳುತ್ತದೆ: ನಡುಕ, ಬೆವರು, ಕಣ್ಣು ಮಂಜು, ತಲೆ ಗಲಿಬಿಲಿ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೀಗಾಗುವುದು ಅಪರೂಪ. ಆದ್ದರಿಂದ ಅವರ ಅನ್ನ ಇಳಿಸುವ ಮೊದಲೇ ಡಾಕ್ಟ್ರಿಗೆ ಹೇಳಿ ಮಾತ್ರೆಯ ಪ್ರಮಾಣ ಕೇಳಬೇಕು. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಗೋಧಿ ಎಲ್ಲ ಬಿಟ್ಟು ಕೀಟೋ ಮಾಡಲೇಬಾರದು. ಶುಗರ್ ಹೆಚ್ಚಿಲ್ಲದೆಯೇ ರಕ್ತ ಆಮ್ಲವಾಗುವ ಸ್ಥಿತಿಗೆ ಹೋಗಬಹುದು.

ಕಠಿಣ ಪಥ್ಯಕ್ಕೂ ಜಾಗ ಇಲ್ಲದಿಲ್ಲ. ಬ್ರಿಟನ್ನಿನಲ್ಲಿ ಮಧುಮೇಹಿಗಳ ಮೇಲೆ ನಡೆದ ಡೈರೆಕ್ಟ್ ಅನ್ನುವ ಅಧ್ಯಯನದಲ್ಲಿ ದಿನಕ್ಕೆ 825-853 ಕ್ಯಾಲರಿಯ ಪಾನೀಯದ ಮೇಲೆ 3ರಿಂದ 5 ತಿಂಗಳು ಇಟ್ಟವರಲ್ಲಿ 46 ಶೇಕಡಾ ಜನರ ಮಧುಮೇಹ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದ ಹಂತಕ್ಕೆ ಬಂದಿತ್ತು. ಆದರೆ ಅವರ ಶುಗರ್ ಮತ್ತು ಬಿ.ಪಿ. ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು, ಉದ್ದಕ್ಕೂ ತಪಾಸಣೆ ಇತ್ತು. ಮನೆಯಲ್ಲಿ ಸೌತೆಕಾಯಿ ಕತ್ತರಿಸಿ ತಿಂದುಕೊಂಡು ಮಾಡುವುದು ಅದಲ್ಲ. ಗರ್ಭಿಣಿಯರು, ಹಾಲೂಡುವವರು, ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಊಟದ ವಿಷಯದಲ್ಲಿ ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದವರು ಬಿಗಿ ಪಥ್ಯಕ್ಕೆ ಕೈಹಾಕಬಾರದು.

ಟೀಚರ್ ಮತ್ತೆ ಕೇಳಿದ್ದು:

ನಾನು ಮೊಟ್ಟೆ, ಮೀನು ತಿನ್ನುವುದಿಲ್ಲ. ಪ್ರೋಟೀನ್ ಎಲ್ಲಿಂದ? ತೂಕ ಯಾವಾಗ ನೋಡಬೇಕು? ಏಕಾದಶಿಗೆ ಒಪ್ಪೊತ್ತು ಉಂಟು. ಬರುವ ತಿಂಗಳು ಮದುವೆಗಳೂ ಉಂಟು.

ಕುಂಬಳೆಯ ಡಯಟೀಷಿಯನ್:

ದಿನಕ್ಕೆ 60 ಗ್ರಾಂ ಗುರಿ ಇಡಿ. 120 ಗ್ರಾಂ ಅಕ್ಕಿಯಿಂದ 8, ಒಣಕಾಳು ಮತ್ತು ಬೇಳೆ ಸೇರಿ 100 ಗ್ರಾಂ ಆದರೆ 22, ಹಾಲು ಮೊಸರು ಅರ್ಧ ಲೀಟರ್ ಆದರೆ 16, ಪನೀರ್ 50 ಗ್ರಾಂ ಆದರೆ 9. ಉಳಿದದ್ದು ತರಕಾರಿ, ಬೆಳಿಗ್ಗೆಯ ತಿಂಡಿಯಿಂದ ಬರುತ್ತದೆ. ಹಾಲು ಕೆನೆ ತೆಗೆದದ್ದಿರಲಿ, ಇಲ್ಲದಿದ್ದರೆ ಕ್ಯಾಲರಿ ಮೀರುತ್ತದೆ.

ತೂಕ ವಾರಕ್ಕೆ ಮೂರು ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು. ಮೂರರ ಸರಾಸರಿಯನ್ನು ಕಳೆದ ವಾರದ ಸರಾಸರಿಗೆ ಹೋಲಿಸಿ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕೆ.ಜಿ. ಹೆಚ್ಚು ತೋರಿಸಿದರೆ ಅದು ನೀರು. ಸೊಂಟದ ಅಳತೆ ತಿಂಗಳಿಗೊಮ್ಮೆ. ಹೆಂಗಸರಿಗೆ 80 ಸೆಂ.ಮೀ. ಒಳಗೆ ಬರಬೇಕು. ನಾಲ್ಕು ವಾರ ಸರಾಸರಿ ಕದಲದಿದ್ದರೆ ಊಟ ಬಿಡಬೇಡಿ. ಮತ್ತೆ ಒಂದು ವಾರ ಎಲ್ಲ ತೂಗಿ ನೋಡಿ. ಹೆಚ್ಚಾಗಿ ಸೌಟು ದೊಡ್ಡದಾಗಿರುತ್ತದೆ, ಇಲ್ಲವೇ ಎಣ್ಣೆ ತಿರುಗಿ ಏರಿರುತ್ತದೆ.

ಏಕಾದಶಿಯ ಫಲಾಹಾರಕ್ಕೆ ಅವಲಕ್ಕಿ ಮಾಡುವವರು ನೆನಪಿಡಿ, ಅವಲಕ್ಕಿಯೂ ಅಕ್ಕಿಯೇ, 100 ಗ್ರಾಂಗೆ 350. ಕಾಯಿ, ಬೆಲ್ಲ ಸೇರಿದರೆ ಮಾಮೂಲಿ ಊಟವನ್ನು ಮೀರಿಸುತ್ತದೆ. 50 ಗ್ರಾಂ ಅವಲಕ್ಕಿ, ಮೊಸರು, ಒಂದು ಕದಳಿ ಬಾಳೆಹಣ್ಣು ಸಾಕು.

ನೀರ್ಚಾಲಿನ ಅಡಿಗೆಯವರು:

ಮದುವೆ ಊಟದಲ್ಲಿ ಮೊದಲ ಅನ್ನ ಬಡಿಸುವಾಗಲೇ ಎಲೆಗೆ ಅಡ್ಡ ಕೈ ಹಿಡಿಯಿರಿ. ಬಡಿಸುವವರ ಒಂದು ಸಲದ ಅನ್ನ ನಿಮ್ಮ 2 ಸೌಟಿಗಿಂತ ಹೆಚ್ಚೇ ಇರುತ್ತದೆ. ಅದನ್ನೇ ಸಾರು, ಸಾಂಬಾರು, ಮಜ್ಜಿಗೆಗೆ ಮೂರು ಪಾಲು ಮಾಡಿಕೊಳ್ಳಿ. ಕೋಸಂಬರಿ, ಪಲ್ಯ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಬಹುದು, ಯಾರೂ ಬೇಸರಿಸುವುದಿಲ್ಲ. ಹೋಳಿಗೆಯೋ ಪಾಯಸವೋ ಒಂದನ್ನು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿ, ಅದನ್ನು ಸಂತೋಷದಿಂದ ತಿನ್ನಿ.

ಮಂಜೇಶ್ವರದ ನರ್ಸ್:

ಮದುವೆ ಊಟದ ಬಗ್ಗೆ ಯಜಮಾನರಿಗೆ ಇದೊಂದು. ಎರಡನೇ ಪಂಕ್ತಿ ಏಳುವಾಗ ಎರಡು ಗಂಟೆ ಆಗುತ್ತದೆ. ಗ್ಲಿಮೆಪಿರೈಡ್ ಬೆಳಿಗ್ಗೆಯ ತಿಂಡಿಯೊಂದಿಗೆ ತೆಗೆದುಕೊಂಡವರು ಹನ್ನೊಂದೂವರೆಗೆ ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ತಿಂದಿರಬೇಕು, ಊಟ ಇದೆಯಲ್ಲ ಅಂತ ಹೊಟ್ಟೆ ಖಾಲಿ ಇಡಬಾರದು. ಜೇಬಿನಲ್ಲಿ 15 ಗ್ರಾಂ ಸಕ್ಕರೆ ಪೊಟ್ಟಣ, ಅಂದರೆ 3 ಚಮಚ, ಇಟ್ಟುಕೊಳ್ಳಲಿ. ನಡುಕ ಬಂದರೆ ಅದನ್ನು ನೀರಿಗೆ ಕದಡಿ ಕುಡಿದು 15 ನಿಮಿಷ ಕೂತು ನೋಡುವುದು, ಕಡಿಮೆಯಾಗದಿದ್ದರೆ ಇನ್ನೊಮ್ಮೆ ಅಷ್ಟೇ. ಹೋಳಿಗೆ ಆ ಕೆಲಸಕ್ಕೆ ಬರುವುದಿಲ್ಲ, ಅದರ ಬೇಳೆ, ತುಪ್ಪದಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ.