ವೀರ್ಯ ಪರೀಕ್ಷೆ ನಾರ್ಮಲ್, ಆದರೂ ಮಗು ಆಗುತ್ತಿಲ್ಲ. ಮುಂದೇನು?

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಹೆಂಡತಿಯ ಟೆಸ್ಟ್ ಎಲ್ಲಾ ಸರಿ ಇವೆ. ಮನೆಯವರು ಮಾತ್ರ ಅವಳಿಂದಲೇ ಹರಕೆ ಹೊರಿಸುತ್ತಿದ್ದಾರೆ, ಅದು ಬೇರೆ ಕತೆ ಬಿಡಿ. ಶಿವಮೊಗ್ಗದಲ್ಲಿ ನನ್ನ ವೀರ್ಯ ಪರೀಕ್ಷೆಯೂ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಕನಿಷ್ಠ ಮಟ್ಟ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವಂಥವು ಶೇ 42. ನನ್ನದು ಎರಡರಲ್ಲೂ ಜಾಸ್ತಿಯೇ ಇದೆ.

ಈಗ ಡಾಕ್ಟರು ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯಾ ನೋಡೋಣ ಎನ್ನುತ್ತಾರೆ. ವೀರ್ಯಾಣುವಿನಲ್ಲಿ ಡಿಎನ್‌ಎ ಸುತ್ತಿಡುವ ಪ್ರೋಟೀನ್ ಆದ ಪ್ರೋಟಮೀನ್‌ನ ಜೀನ್‌ಗಳು ಸರಿಯಾಗಿ ಕೆಲಸ ಮಾಡದಿದ್ದರೆ ಡಿಎನ್‌ಎ ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲ, ಬೇಗ ಹಾಳಾಗುತ್ತದೆ ಎಂದು ಓದಿದೆ. ಆ ಜೀನ್‌ಗಳು ಕೆಲಸ ಮಾಡಿವೆಯಾ ಎಂದು ವೀರ್ಯಾಣುವಿನ ಆರ್‌ಎನ್‌ಎಯಲ್ಲಿ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ನೋಡಬಹುದಂತೆ. ಗೊಂದಲ ಇಲ್ಲೇ. ಬಲಿತ ವೀರ್ಯಾಣು ಹೊಸ ಆರ್‌ಎನ್‌ಎ ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ, ವೃಷಣದಲ್ಲಿ ಆಗಿದ್ದರ ಉಳಿಕೆ ಅಷ್ಟೇ, ಅಲ್ವಾ? ಆ ಆರ್‌ಎನ್‌ಎ ನೋಡಿ ಚಿಕಿತ್ಸೆ ಬದಲಾಗುತ್ತದಾ, ಅಥವಾ ಸದ್ಯಕ್ಕೆ ಡಿಎನ್‌ಎ ಟೆಸ್ಟ್ ಒಂದೇ ಸಾಕಾ?