ತೀರಿಹೋದ ತಂದೆಯವರ ಹಳೆಯ ಎಕ್ಸ್‌ಪಿ ಕಂಪ್ಯೂಟರ್: ಪಾಸ್‌ವರ್ಡ್ ಗೊತ್ತಿಲ್ಲ, ಕಡತಗಳು ಬೇಕಾಗಿವೆ

ಪ್ರಶ್ನೆ: ನವನಗರ, ಬಾಗಲಕೋಟೆ

ನಮಸ್ಕಾರ. ನಮ್ಮ ತಂದೆಯವರು ಪ್ರೌಢಶಾಲೆಯ ಶಿಕ್ಷಕರಾಗಿ ನಿವೃತ್ತರಾದವರು. ಎರಡು ವರ್ಷಗಳ ಹಿಂದೆ ತೀರಿಕೊಂಡರು. 2006ರಲ್ಲಿ ಅವರು ಕೊಂಡ ಕಂಪ್ಯೂಟರ್ ಇನ್ನೂ ನಮ್ಮ ಪಡಸಾಲೆಯಲ್ಲಿಯೇ ಇದೆ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ. ಚಾಲೂ ಮಾಡಿದರೆ ಅಪ್ಪನ ಹೆಸರು ಬರುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಮ್ಮೆಲ್ಲರ ಹೆಸರು, ಹುಟ್ಟಿದ ದಿನ, ಹಳೆಯ ಮನೆಯ ನಂಬರು, ಅವರು ಕಲಿಸಿದ ಶಾಲೆಯ ಹೆಸರು ಎಲ್ಲವನ್ನೂ ಹಾಕಿ ನೋಡಿದೆವು.

ಹಳೆಯ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋಗುವ ಮೊದಲು ತೆಗೆಸಿದ ಫೋಟೊಗಳನ್ನು ಅಪ್ಪ ಸ್ಕ್ಯಾನ್ ಮಾಡಿ ಇದರಲ್ಲಿ ಇಟ್ಟಿದ್ದಾರೆ. ಮೂಲ ಫೋಟೊಗಳಲ್ಲಿ ಅರ್ಧದಷ್ಟನ್ನು ಗೆದ್ದಲು ತಿಂದಿದೆ. ಜೊತೆಗೆ ಮುತ್ಯಾನ ಕಾಲದಿಂದ ಹಿಡಿದು ಬರೆದ ನಮ್ಮ ಮನೆತನದ ವಂಶಾವಳಿಯನ್ನು ಅವರು ನುಡಿ ಎಂಬ ಕನ್ನಡ ಬರಹದ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಅದರ ಬೇರೆ ಪ್ರತಿ ಎಲ್ಲಿಯೂ ಇಲ್ಲ. ಇಲ್ಲಿನ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದಾಗ, ಫಾರ್ಮ್ಯಾಟ್ ಮಾಡುವುದೊಂದೇ ದಾರಿ, ಒಳಗಿದ್ದದ್ದು ಹೋಗುತ್ತದೆ ಎಂದರು. ಕೊಡಲು ಮನಸ್ಸು ಬರದೆ ಮನೆಗೆ ವಾಪಸು ತಂದೆ. ಇನ್ನೊಂದು ವಿಷಯವೆಂದರೆ, ಚಾಲೂ ಮಾಡಿದಾಗ ಮೊದಲು ಕಪ್ಪು ಪರದೆ ಬಂದು ಎಫ್ 1 ಒತ್ತಲು ಹೇಳುತ್ತದೆ. ದಿನಾಂಕ ಪ್ರತಿಸಲವೂ 2002ನೆಯ ಇಸವಿಗೆ ಹೋಗಿರುತ್ತದೆ. ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಬೇಕು.

ಉತ್ತರ: ಬೆಳಗಾವಿ

ಅಕ್ಕಾವರೇ, ಕೊಡದೆ ವಾಪಸು ತಂದದ್ದು ಬಹಳ ಒಳ್ಳೆಯದಾಯಿತು. ಎಕ್ಸ್‌ಪಿಯ ಪಾಸ್‌ವರ್ಡ್ ಮರೆತರೆ ಕಡತಗಳು ಹೋದವು ಎಂಬುದು ಸಾಮಾನ್ಯವಾಗಿ ಸರಿಯಲ್ಲ. ಆ ಪಾಸ್‌ವರ್ಡ್ ವಿಂಡೋಸಿನ ಒಳಗೆ ಹೋಗುವ ಬಾಗಿಲಿಗೆ ಹಾಕಿದ ಬೀಗವೇ ಹೊರತು ಹಾರ್ಡ್ ಡಿಸ್ಕಿಗೆ ಹಾಕಿದ ಬೀಗವಲ್ಲ. ಡಿಸ್ಕಿನಲ್ಲಿರುವ ಫೋಟೊ ಮತ್ತು ಬರಹಗಳು ಇದ್ದ ಹಾಗೆಯೇ ಇರುತ್ತವೆ. ವಿಂಡೋಸನ್ನು ಎಬ್ಬಿಸದೆ ಬೇರೊಂದು ವ್ಯವಸ್ಥೆಯಿಂದ ಅವನ್ನು ಓದಿ ನಕಲು ಮಾಡಿಕೊಳ್ಳಬಹುದು.

ಮುಂದೆ ಹೇಳುವ ಮೊದಲು ಕೆಲವು ವಿಷಯಗಳು ತಿಳಿಯಬೇಕು. ಪಾಸ್‌ವರ್ಡ್ ಕೇಳುವುದು ವಿಂಡೋಸಿನ ಗುರುತು ಬಂದ ಮೇಲೋ ಅಥವಾ ಅದಕ್ಕೂ ಮೊದಲು ಕಪ್ಪು ಪರದೆಯಲ್ಲೋ? ಮೊದಲೇ ಕೇಳಿದರೆ ಅದು ಮದರ್‌ಬೋರ್ಡಿನ ಬಯೋಸ್‌ಗೆ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶಕ್ಕೆ) ಸೇರಿದ ಪಾಸ್‌ವರ್ಡ್, ಅದರ ದಾರಿಯೇ ಬೇರೆ. ಎರಡನೆಯದಾಗಿ, ಡಬ್ಬಿಯ ಬದಿಗೆ ಅಂಟಿಸಿದ ಚೀಟಿಯಲ್ಲಿ ಹೋಮ್ ಎಂದಿದೆಯೋ ಪ್ರೊಫೆಷನಲ್ ಎಂದಿದೆಯೋ ನೋಡಿರಿ. ಪ್ರೊಫೆಷನಲ್‌ನಲ್ಲಿ ಕಡತಗಳನ್ನೇ ಗೂಢಲಿಪಿಗೆ ತಿರುಗಿಸುವ ಸೌಲಭ್ಯವಿದೆ, ಹೋಮ್‌ನಲ್ಲಿ ಅದು ಇಲ್ಲ. ತಂದೆಯವರು ಅದನ್ನು ಬಳಸಿದ್ದರೆ ಪಾಸ್‌ವರ್ಡನ್ನು ಹೊರಗಿನಿಂದ ಬದಲಾಯಿಸಿದ ಕೂಡಲೇ ಆ ಕಡತಗಳ ಕೀಲಿ ಕೈತಪ್ಪುತ್ತದೆ. ಆದುದರಿಂದಲೇ ಮೊದಲು ನಕಲು, ಆಮೇಲೆ ಪಾಸ್‌ವರ್ಡ್ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೂರನೆಯದಾಗಿ, ಡಿಸ್ಕಿನಿಂದ ಟಕ್ ಟಕ್ ಎಂದು ತಾಳಕ್ಕೆ ಸರಿಯಾಗಿ ಸದ್ದು ಬರುತ್ತಿದೆಯೇ? ಬರುತ್ತಿದ್ದರೆ ಕೂಡಲೇ ಬಂದ್ ಮಾಡಿ, ಮತ್ತೆ ಚಾಲೂ ಮಾಡಬೇಡಿರಿ. ಅದು ಒಳಗಿನ ಯಂತ್ರವೇ ಕೆಡುತ್ತಿರುವ ಲಕ್ಷಣ. ಡಿಸ್ಕ್ ಬಿಚ್ಚಿ ದತ್ತಾಂಶ ತೆಗೆಯುವ ಪರಿಣತರಲ್ಲಿಗೇ ಒಯ್ಯಬೇಕಾಗುತ್ತದೆ.

ಕೇಳಲೇಬೇಕಾದ ಮಾತೊಂದಿದೆ, ತಪ್ಪು ತಿಳಿಯಬಾರದು. ಮನೆಯವರೆಲ್ಲರ ಒಪ್ಪಿಗೆ ಇದೆಯೇ?

ಬಾಗಲಕೋಟೆಯಿಂದ

ಅವ್ವನೇ ನನ್ನನ್ನು ಇದಕ್ಕೆ ಹಚ್ಚಿದ್ದಾಳೆ ಸರ್, ತಮ್ಮನೂ ಒಪ್ಪಿದ್ದಾನೆ. ಪಾಸ್‌ವರ್ಡ್ ಕೇಳುವುದು ವಿಂಡೋಸಿನ ಗುರುತು ಬಂದ ನಂತರ. ಚೀಟಿಯಲ್ಲಿ ಹೋಮ್ ಎಡಿಷನ್ ಎಂದಿದೆ. ಸದ್ದು ಮೊದಲಿನ ಹಾಗೆಯೇ ಇದೆ. ರ್‍ಯಾಮ್ 512 ಎಂಬಿ ಎಂದು ಬಿಲ್ಲಿನಲ್ಲಿ ಬರೆದಿದೆ. ಹಳೆಯ ಕೀಬೋರ್ಡಿನ ಗುಂಡಿಗಳು ಗಟ್ಟಿಯಾಗಿದ್ದರಿಂದ ತಮ್ಮನ ಯುಎಸ್‌ಬಿ ಕೀಬೋರ್ಡ್ ಹಾಕಿದ್ದೇವೆ. ಎಫ್ 8 ಒತ್ತಿದರೆ ಸೇಫ್ ಮೋಡ್ (ಅತ್ಯಗತ್ಯ ಭಾಗಗಳಿಂದಷ್ಟೇ ವಿಂಡೋಸ್ ಏಳುವ ವಿಧಾನ) ಬರುತ್ತದೆ ಎಂದು ತಮ್ಮ ಕೇಳಿದ್ದ, ಆದರೆ ಎಷ್ಟು ಒತ್ತಿದರೂ ಬರಲಿಲ್ಲ.

ಉತ್ತರ: ಬೆಳಗಾವಿ

ಹೋಮ್ ಎಡಿಷನ್ ಇರುವುದರಿಂದ ಗೂಢಲಿಪಿಯ ಭಯ ತಪ್ಪಿತು. ಎರಡು ಸಣ್ಣ ತೊಂದರೆಗಳನ್ನು ಮೊದಲು ನಿವಾರಿಸೋಣ.

ದಿನಾಂಕ ಹಿಂದಕ್ಕೆ ಹೋಗುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದ ಆಕಾರದ ಸೆಲ್ ಮುಗಿದಿರುವುದರಿಂದ. ಅದು ಸಿಆರ್ 2032 ಎಂಬ 3 ವೋಲ್ಟಿನ ಸೆಲ್. ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ವಿದ್ಯುತ್ ವಯರನ್ನು ಪೂರ್ತಿ ತೆಗೆದ ಮೇಲೆಯೇ ಡಬ್ಬಿಯನ್ನು ಬಿಚ್ಚಿ ಬದಲಾಯಿಸಿರಿ. ಬಿಚ್ಚಿದಾಗ ಧೂಳನ್ನು ಮೆಲ್ಲಗೆ ಕುಂಚದಿಂದ ತೆಗೆಯಿರಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ಧೂಳು ಕೂತ ಫ್ಯಾನಿನಿಂದ ಇಂಥ ಹಳೆಯ ಯಂತ್ರಗಳು ಬೇಗ ಕಾಯುತ್ತವೆ. ಮದರ್‌ಬೋರ್ಡಿನ ಮೇಲೆ ನಿಂತಿರುವ ಚಿಕ್ಕ ಕೊಳವೆಯಂತಹ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದ್ದರೆ ಫೋಟೊ ತೆಗೆದು ತೋರಿಸಿರಿ.

ಎಫ್ 8 ಕೆಲಸ ಮಾಡದಿರುವುದು ಬಹುಶಃ ಯುಎಸ್‌ಬಿ ಕೀಬೋರ್ಡಿನಿಂದ. ಅನೇಕ ಹಳೆಯ ಮದರ್‌ಬೋರ್ಡುಗಳು ವಿಂಡೋಸ್ ಏಳುವ ತನಕ ಯುಎಸ್‌ಬಿ ಕೀಬೋರ್ಡನ್ನು ಗುರುತಿಸುವುದಿಲ್ಲ. ಹಿಂಬದಿಯಲ್ಲಿ ನೇರಳೆ ಬಣ್ಣದ ದುಂಡನೆಯ ತೂತು ಇರುತ್ತದೆ. ಅದಕ್ಕೆ ಹಾಕುವ ಹಳೆಯ ಮಾದರಿಯ ಕೀಬೋರ್ಡನ್ನು ಯಾರಿಂದಲಾದರೂ ತನ್ನಿರಿ, ಮತ್ತು ಕಂಪ್ಯೂಟರ್ ಬಂದ್ ಇರುವಾಗಲೇ ಜೋಡಿಸಿರಿ.

ಇನ್ನು ಮುಖ್ಯ ಕೆಲಸ. ಬೇರೊಂದು ಕಂಪ್ಯೂಟರಿನಲ್ಲಿ, ವಿಂಡೋಸಿನ ಬದಲು ಸಿಡಿಯಿಂದಲೇ ನಡೆಯುವ ಪಪ್ಪಿ ಲಿನಕ್ಸ್ ಎಂಬ ವ್ಯವಸ್ಥೆಯ ಹಳೆಯ 32 ಬಿಟ್ ಆವೃತ್ತಿಯನ್ನು ಇಳಿಸಿಕೊಂಡು ಸಿಡಿಗೆ ಬರೆಯಿರಿ. ಇಂದಿನ ದೊಡ್ಡ ಲಿನಕ್ಸ್‌ಗಳಿಗೆ 512 ಎಂಬಿ ಸಾಲುವುದಿಲ್ಲ, ಪಪ್ಪಿ ಮಾತ್ರ ಇಷ್ಟರಲ್ಲಿಯೇ ಪೂರ್ತಿ ರ್‍ಯಾಮಿನೊಳಗೆ ಕೂತು ನಡೆಯುತ್ತದೆ. ಹಲವರು ಎಡವುವುದು ಇಲ್ಲಿಯೇ: ಇಳಿಸಿಕೊಂಡ ಐಎಸ್‌ಒ ಕಡತವನ್ನು ಸಾಮಾನ್ಯ ಕಡತದಂತೆ ಸಿಡಿಗೆ ಹಾಕಿದರೆ ಅದರಿಂದ ಕಂಪ್ಯೂಟರ್ ಏಳುವುದಿಲ್ಲ. ಡಿಸ್ಕ್ ಇಮೇಜ್ ಎಂದು ಆಯ್ಕೆ ಮಾಡಿ ಬರೆಯಬೇಕು. ಸಿಡಿ ಹಾಕಿ ಕಂಪ್ಯೂಟರ್ ಚಾಲೂ ಮಾಡಿ, ಡಿಲೀಟ್ ಗುಂಡಿ ಒತ್ತಿ ಬಯೋಸ್‌ಗೆ ಹೋಗಿ (ಕೆಲವು ಯಂತ್ರಗಳಲ್ಲಿ ಎಫ್ 2), ಮೊದಲ ಬೂಟ್ ಸಾಧನವಾಗಿ ಸಿಡಿಯನ್ನು ಇಡಿರಿ. ಲಿನಕ್ಸ್ ಬಂದ ಮೇಲೆ ಎಲ್ಲಿಯಾದರೂ ಇನ್‌ಸ್ಟಾಲ್ ಎಂದು ಕಂಡರೆ ಅದನ್ನು ಮುಟ್ಟಲೇಬೇಡಿರಿ.

ಅಲ್ಲಿ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ. ಡಿಸ್ಕಿನ ಭಾಗಗಳು ಪರದೆಯ ಕೆಳಗೆ ಚಿಕ್ಕ ಚಿತ್ರಗಳಾಗಿ ಕಾಣುತ್ತವೆ. ಒಂದೊಂದನ್ನೇ ತೆರೆದು ನೋಡಬೇಕು. ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಎಂಬ ಫೋಲ್ಡರಿನೊಳಗೆ ತಂದೆಯವರ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ನಕಲು ಮಾಡಿರಿ. ಡೆಸ್ಕ್‌ಟಾಪ್, ಮೈ ಡಾಕ್ಯುಮೆಂಟ್ಸ್, ಹಳೆಯ ಇಮೇಲ್ ಎಲ್ಲವೂ ಸಾಮಾನ್ಯವಾಗಿ ಅದರಲ್ಲಿಯೇ ಇರುತ್ತವೆ. ಎಕ್ಸ್‌ಪಿಯಲ್ಲಿ ಪಾಸ್‌ವರ್ಡ್ ಇಡುವಾಗ ಕಡತಗಳನ್ನು ಖಾಸಗಿ ಮಾಡಲೇ ಎಂದು ಅದು ಕೇಳುತ್ತದೆ; ಹೌದು ಎಂದಿದ್ದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಹಚ್ಚಿದಾಗ ಪ್ರವೇಶವಿಲ್ಲ ಎನ್ನುತ್ತದೆ, ಆದರೆ ಈ ರೀತಿ ಲಿನಕ್ಸಿನಿಂದ ನೋಡಿದರೆ ಆ ತಡೆ ಅಡ್ಡ ಬರುವುದಿಲ್ಲ. ಆಮೇಲೆ ಡಿ ಎಂಬ ಭಾಗವನ್ನೂ ನೋಡಿರಿ. ಆ ಕಾಲದಲ್ಲಿ ಫೋಟೊಗಳನ್ನು ಡಿ ಡ್ರೈವಿನಲ್ಲಿ ಇಡುವ ರೂಢಿ ನಮ್ಮಲ್ಲಿ ಬಹಳ ಇತ್ತು. ಮೊದಲು ವಂಶಾವಳಿ, ನಂತರ ಫೋಟೊ, ಉಳಿದದ್ದು ಕೊನೆಗೆ. ನಡುವೆ ಡಿಸ್ಕ್ ಕೈಕೊಟ್ಟರೂ ಮುಖ್ಯವಾದದ್ದು ಉಳಿದಿರುತ್ತದೆ.

ಬಾಗಲಕೋಟೆಯಿಂದ

ಸರ್, ಸಿಕ್ಕವು. ಮೊದಲ ಸಿಡಿಯಲ್ಲಿ ನೀವು ಹೇಳಿದ ತಪ್ಪನ್ನೇ ಮಾಡಿದ್ದೆವು, ಎರಡನೆಯದು ಸರಿಯಾಯಿತು. ನಕಲು ನಡೆದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದ್ದರಿಂದ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಫೋಟೊಗಳು ಡಿ ಡ್ರೈವಿನಲ್ಲಿಯೇ ಇದ್ದವು. ಹಳೆಯ ಮನೆಯ ಕಟ್ಟೆಯ ಮೇಲೆ ಅಜ್ಜ ಕೂತಿರುವ ಫೋಟೊವನ್ನು ಅವ್ವ ಬಹಳ ಹೊತ್ತು ನೋಡುತ್ತ ಕೂತಳು.

ಆದರೆ ವಂಶಾವಳಿಯ ಕಡತ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಚುಕ್ಕೆ ಇರುವ ಯಾವುಯಾವುದೋ ಅಕ್ಷರಗಳು ಸಾಲುಗಟ್ಟಿ ಬರುತ್ತವೆ. ಕರೆಂಟ್ ಹೋದಾಗ ಕಡತ ಕೆಟ್ಟಿತೇ ಎಂದು ಬಹಳ ಚಿಂತೆಯಾಗಿದೆ.

ಉತ್ತರ: ವಿಜಯಪುರ

ಬೆಳಗಾವಿಯವರ ಅನುಮತಿಯಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಹಲವು ವರ್ಷ ಡಿಟಿಪಿ ಕೆಲಸ ಮಾಡಿದವನು ನಾನು. ಅಕ್ಕಾವರೇ, ಕಡತ ಕೆಟ್ಟಿಲ್ಲ. ಕೆಟ್ಟ ಕಡತ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಇಲ್ಲವೇ ನಡುವೆ ತುಂಡಾಗಿರುತ್ತದೆ; ನಿಮ್ಮದು ಸಾಲು ಸಾಲಾಗಿ ಬಂದಿದೆ ಎಂದರೆ ಪೂರ್ತಿ ಇದೆ ಎಂದೇ ತಿಳಿಯಿರಿ.

ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಆಗ ಟೈಪ್ ಮಾಡಿದ ಬರಹಗಳು ಹೆಚ್ಚಾಗಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಪದ್ಧತಿ) ಆಗಿರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂಡಿಸಿದ ಫಾಂಟುಗಳು ಅವು. ಕಡತದೊಳಗೆ ಇರುವುದು ಆ ಸ್ಥಾನಗಳ ಅಂಕಿ ಮಾತ್ರ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಮತ್ತೊಮ್ಮೆ ಆ ಸಿಡಿಯಿಂದ ಹಳೆಯ ಕಂಪ್ಯೂಟರನ್ನು ಎಬ್ಬಿಸಿ, ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಎಂಬ ಫೋಲ್ಡರಿನಿಂದ ನುಡಿ ಎಂದು ಆರಂಭವಾಗುವ ಕಡತಗಳನ್ನೆಲ್ಲ ನಕಲು ಮಾಡಿಕೊಳ್ಳಿರಿ. ತಂದೆಯವರು ಬಳಸಿದ್ದು ಅವೇ ಆಗಿರುವುದರಿಂದ ಬೇರೆಲ್ಲಿಯೋ ಹುಡುಕುವುದಕ್ಕಿಂತ ಇದು ಖಾತ್ರಿಯ ದಾರಿ. ಅವನ್ನು ಲ್ಯಾಪ್‌ಟಾಪಿನಲ್ಲಿ ಅಳವಡಿಸಿ ಕಡತವನ್ನು ತೆರೆದರೆ ಬರಹ ಕಾಣುತ್ತದೆ. ಆಗಲೂ ಕಾಣದಿದ್ದರೆ ಪೂರ್ತಿ ಬರಹವನ್ನು ಆಯ್ದು ನುಡಿ 01 ಇ ಫಾಂಟಿಗೆ ಬದಲಾಯಿಸಿ ನೋಡಿರಿ.

ಕಂಡ ಕೂಡಲೇ ಒಂದು ಪಿಡಿಎಫ್ ಮಾಡಿ ಇಡಿರಿ. ಆಮೇಲೆ ಮೂಲವನ್ನು ಮುಟ್ಟದೆ, ಅದರ ಇನ್ನೊಂದು ಪ್ರತಿಯನ್ನು ನುಡಿಯ ಹೊಸ ಆವೃತ್ತಿಯಲ್ಲಿರುವ ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಿರಿ. ತಿರುಗಿಸಿದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಪಿಡಿಎಫ್ ಜೊತೆಗಿಟ್ಟು ಓದಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತಿನ ಚಿಹ್ನೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹೀಗೆ ಸ್ಥಾನ ಅದಲುಬದಲಾಗುವಲ್ಲಿ ತಪ್ಪುಗಳು ನುಸುಳುತ್ತವೆ. ವಂಶಾವಳಿಯಲ್ಲಿ ಒಂದು ಹೆಸರು ತಪ್ಪಿದರೂ ಮುಂದಿನವರಿಗೆ ಅದೇ ಸರಿ ಎಂದಾಗುತ್ತದೆ, ಆದುದರಿಂದ ಈ ಓದಿಗೆ ಅವಸರ ಬೇಡ.

ಬಾಗಲಕೋಟೆಯಿಂದ

ಅಣ್ಣಾವರೇ, ಫಾಂಟ್ ಹಾಕಿದ ಕೂಡಲೇ ಅಕ್ಷರಗಳು ಬಂದವು. ಈಗ ಎರಡು ಪ್ರಶ್ನೆಗಳು ಉಳಿದಿವೆ. ಅಪ್ಪ ಬಿಟ್ಟಂತೆಯೇ ಆ ಕಂಪ್ಯೂಟರನ್ನು ಒಮ್ಮೆ ತೆರೆದು ನೋಡಬೇಕೆಂದು ಅವ್ವನಿಗೆ ಆಸೆ ಇದೆ. ಇನ್ನೊಂದು, ವಂಶಾವಳಿಯ ಎರಡು ಕಡತಗಳಿವೆ. ಒಂದರ ದಿನಾಂಕ 2013, ಇನ್ನೊಂದರದು ಜನವರಿ 2002. ಕಂಪ್ಯೂಟರ್ ಕೊಂಡದ್ದೇ 2006ರಲ್ಲಿ. ಯಾವುದನ್ನು ಕೊನೆಯದೆಂದು ತಿಳಿಯಬೇಕು?

ಉತ್ತರ: ಬೆಳಗಾವಿ

ನಕಲು ಕೈಯಲ್ಲಿರುವುದರಿಂದ ಈಗ ಬಾಗಿಲು ತೆರೆಯಬಹುದು. ಸಿಡಿ ತೆಗೆದು, ದುಂಡನೆಯ ಪಿನ್ನಿನ ಕೀಬೋರ್ಡಿನಿಂದ ಎಫ್ 8 ಒತ್ತುತ್ತ ಹೋಗಿ ಸೇಫ್ ಮೋಡ್ ಆಯ್ಕೆ ಮಾಡಿರಿ. ಹೋಮ್ ಎಡಿಷನ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಖಾತೆ ಮಾಮೂಲಿಯಾಗಿ ಕಾಣುವುದಿಲ್ಲ, ಸೇಫ್ ಮೋಡಿನಲ್ಲಿ ಕಾಣುತ್ತದೆ. ಬೇರೆ ಯಾರೂ ಇಟ್ಟಿರದಿದ್ದರೆ ಅದಕ್ಕೆ ಪಾಸ್‌ವರ್ಡ್ ಇರುವುದಿಲ್ಲ. ಅದರೊಳಗೆ ಹೋಗಿ, ಕಂಟ್ರೋಲ್ ಪ್ಯಾನಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ ತಂದೆಯವರ ಖಾತೆಯ ಪಾಸ್‌ವರ್ಡನ್ನು ತೆಗೆಯಿರಿ. ಅವರು ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳು ಇದರಿಂದ ಹೋಗಬಹುದು ಎಂದು ಅದು ಎಚ್ಚರಿಸುತ್ತದೆ, ಮುಂದುವರಿಯಬಹುದು. ತೆರೆದ ಮೇಲೆ ಇಂಟರ್‌ನೆಟ್‌ಗೆ ಮಾತ್ರ ಜೋಡಿಸಬೇಡಿರಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಬೆಂಬಲ ನಿಲ್ಲಿಸಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಆ ಮುಗಿದ ಸೆಲ್ಲಿನಲ್ಲಿಯೇ ಇದೆ. ಸೆಲ್ ಸತ್ತ ನಂತರ ಉಳಿಸಿದ ಕಡತಗಳಿಗೆ ಕಂಪ್ಯೂಟರ್ 2002ರ ದಿನಾಂಕವನ್ನೇ ಹಚ್ಚಿರುತ್ತದೆ. ಆದುದರಿಂದ ಹಳೆಯದಾಗಿ ಕಾಣುವ ಕಡತವೇ ಹೊಸದಿರಬಹುದು. ದಿನಾಂಕವನ್ನು ಬಿಟ್ಟು ಬರಹವನ್ನು ನೋಡಿ ತೀರ್ಮಾನಿಸಿರಿ.

ಬಾಗಲಕೋಟೆಯಿಂದ

ಅಡ್ಮಿನಿಸ್ಟ್ರೇಟರ್ ಖಾತೆಗೆ ಪಾಸ್‌ವರ್ಡ್ ಇರಲಿಲ್ಲ, ಅಪ್ಪನ ಖಾತೆ ತೆರೆಯಿತು. ಎರಡೂ ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಿದೆವು. 2002 ಎಂದು ತೋರಿಸುವ ಕಡತದ ಕೊನೆಯ ಸಾಲಿನಲ್ಲಿ ತಮ್ಮನ ಮಗಳ ಹೆಸರಿದೆ. ಅವಳು ಹುಟ್ಟಿದ್ದು 2015ರಲ್ಲಿ. ಅದನ್ನೇ ಕೊನೆಯ ಪ್ರತಿ ಎಂದು ಹಿಡಿದು, ಅವ್ವ ಹೆಸರುಗಳನ್ನು ಓದಿ ಹೇಳುತ್ತಿದ್ದಾಳೆ, ನಾನು ಅರ್ಕಾವೊತ್ತುಗಳನ್ನು ತಿದ್ದುತ್ತಿದ್ದೇನೆ.